ದೊಡ್ಡವ್ವನ ಮನೆ ಶಾಲೆಗೆ ಸೇರಲಿಲ್ಲ: ನೋಂದಣಿ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಹಿರಿಯ ಅಧಿಕಾರಿಗಳು, ಕರ್ನಾಟಕ ಸರ್ಕಾರ.
ಹಾಗೆಯೇ, ಸ್ವಂತದ್ದು ಅಂತ ಒಂದು ಮನೆಯೋ ಒಂದಿಷ್ಟು ಠೇವಣಿಯೋ ಇರುವ ನನ್ನ ಓರಗೆಯ ಎಲ್ಲರಿಗೂ.

ಮಾನ್ಯರೇ, ನಮಸ್ಕಾರ.

ನನ್ನ ಮೇಜಿನ ಮೇಲೆ ಒಂದು ಹಾಳೆ ಇದೆ. ಉದ್ದನೆಯ ನೋಟ್‌ಬುಕ್ಕಿನಿಂದ ಹರಿದದ್ದು. ನೀಲಿ ಶಾಯಿ, ದುಂಡನೆಯ ಅಕ್ಷರ, ಒಟ್ಟು ಏಳು ಸಾಲು. ‘ನಾನು ಹೋದ ಮೇಲೆ ನನ್ನ ಮನೆ ಊರಿನ ಹೆಣ್ಣುಮಕ್ಕಳ ಶಾಲೆಗೆ ಸೇರಬೇಕು’ ಅಂತ ಶುರುವಾಗುತ್ತದೆ. ಕೆಳಗೆ ತಾರೀಖು ಇದೆ, ಸಹಿ ಇದೆ. ಸಾಕ್ಷಿಗಳ ಸಹಿ ಇಲ್ಲ.

ಇದನ್ನು ಬರೆದವರು ನನ್ನ ದೊಡ್ಡವ್ವ. ನನ್ನ ತಾಯಿಯ ಅಕ್ಕ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಹೋದರು. ಮಕ್ಕಳಿರಲಿಲ್ಲ. ತವರಿಗೆ ಬಂದು, ಮುಲ್ಕಿ ಪರೀಕ್ಷೆ ಮುಗಿಸಿ, ಟ್ರೇನಿಂಗ್ ಮಾಡಿ ಕನ್ನಡ ಶಾಲೆಯ ಟೀಚರ್ ಆದರು. 34 ವರ್ಷ ಪಾಠ ಮಾಡಿದರು. ಊರಲ್ಲಿ ಅವರಿಗೆ ಹೆಸರೇ ಇರಲಿಲ್ಲ, ಎಲ್ಲರಿಗೂ ‘ಅಕ್ಕೋರು’. ಸಂಬಳ ಕೂಡಿಟ್ಟು ಎರಡು ಕೋಣೆ, ಒಂದು ಪಡಸಾಲೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಇರುವ ಮನೆ ಕಟ್ಟಿಸಿದರು. ಆ ಮನೆ ಶಾಲೆಯಿಂದ ನೂರು ಹೆಜ್ಜೆ. ಪಕ್ಕದ ಹಳ್ಳಿಗಳಿಂದ ನಡೆದು ಬರುವ ಹುಡುಗಿಯರು ಮಳೆ ಬಂದರೆ ಅಲ್ಲೇ ನಿಲ್ಲುತ್ತಿದ್ದರು, ಅಲ್ಲೇ ಊಟದ ಗಂಟು ಬಿಚ್ಚುತ್ತಿದ್ದರು. ಪರೀಕ್ಷೆಯ ತಿಂಗಳಲ್ಲಿ ಐದಾರು ಮಂದಿ ರಾತ್ರಿ ಅಲ್ಲೇ ಮಲಗಿ ಓದುತ್ತಿದ್ದರು. ದೊಡ್ಡವ್ವನಿಗೆ ಇದ್ದದ್ದು ಒಂದೇ ಆಸೆ. ತಾನು ಹೋದ ಮೇಲೂ ಆ ಪಡಸಾಲೆ ಹುಡುಗಿಯರಿಗೇ ಇರಬೇಕು.

ಅವರು ಸುಮ್ನೆ ಆಸೆಪಟ್ಟು ಕೂರಲಿಲ್ಲ. ಶಾಲೆಗೆ ಹೋಗಿ ಕೇಳಿದರು. ‘ಇದನ್ನು ಯಾರ ಹೆಸರಿಗೆ ಬರೆಸಬೇಕೋ ನನಗೆ ಗೊತ್ತಿಲ್ಲ, ಮೇಲಿನವರನ್ನು ಕೇಳಿ’ ಎಂದರು ಅಲ್ಲಿದ್ದವರು. ಮೇಲಿನವರು ಅರ್ಜಿ ಕೊಡಿ ಎಂದರು. ಅರ್ಜಿಗೆ ಉತ್ತರ ಬರಲಿಲ್ಲ. ಮೂರು ಸಲ ಬಸ್ಸು ಹತ್ತಿ ತಾಲ್ಲೂಕಿನ ನೋಂದಣಿ ಕಚೇರಿಗೆ ಹೋದರು. ಒಂದು ಸಲ ಶಾಲೆಯವರನ್ನೇ ಕರೆದುಕೊಂಡು ಬನ್ನಿ ಎಂದರಂತೆ. ಇನ್ನೊಂದು ಸಲ ಬಾಂಡ್ ರೈಟರ್ ಒಬ್ಬರು ಇದಕ್ಕೆ ಸ್ಟ್ಯಾಂಪ್ ಡ್ಯೂಟಿ ಜಾಸ್ತಿ ಆಗುತ್ತದೆ ಎಂದು ಹೆದರಿಸಿದರಂತೆ. ಮೂರನೇ ಸಲ ಏನಾಯಿತೋ ಅವರು ಹೇಳಲಿಲ್ಲ. ಆಮೇಲೆ ಮೊಣಕಾಲು ನೋವು ಹಿಡಿಯಿತು. ಬಸ್ಸು ಹತ್ತುವುದು ನಿಂತಿತು. ಈ ಹಾಳೆ ಬರೆದು ಟ್ರಂಕಿನಲ್ಲಿ, ಪೆನ್ಷನ್ ಪುಸ್ತಕದ ಕೆಳಗೆ ಇಟ್ಟರು.

ಅವರು ಹೋಗಿ ಒಂದೂವರೆ ತಿಂಗಳಿಗೆ ನಾನೇ ಟ್ರಂಕು ತೆಗೆದೆ. ಹಾಳೆ ಸಿಕ್ಕಿತು. ವಕೀಲರು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಎರಡು ಸಾಕ್ಷಿ ಇಲ್ಲದ ಉಯಿಲು ಉಯಿಲೇ ಅಲ್ಲ ಎಂದರು.

ಹಾಗಾದರೆ ಮನೆ ಯಾರಿಗೆ? ಇದನ್ನು ಓದುವ ಹೆಣ್ಣುಮಕ್ಕಳು ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ, ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ ಅವಳ ಸ್ವಂತ ಗಳಿಕೆ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಅವಳ ತಂದೆ ತಾಯಿಯ ಸರದಿ ಆಮೇಲೆ. ಮದುವೆಯಾದ ಮೂರು ತಿಂಗಳಿಗೇ ಗಂಡ ತೀರಿ, ಅತ್ತೆಮನೆಯಿಂದ ಹೊರಬಿದ್ದು, ತವರಲ್ಲಿ ಓದಿ, ಕೆಲಸ ಮಾಡಿ ಕೂಡಿಟ್ಟ ಒಬ್ಬ ಹೆಣ್ಣುಮಗಳ ಹಣವೂ ಹೀಗೇ ಗಂಡನ ಕಡೆಯವರಿಗೆ ಹೋಗಬೇಕು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸಹಾನುಭೂತಿಯ ಮೇಲೆ ತೀರ್ಪು ಕೊಡಲಾಗದು, ಕಾನೂನು ಹೇಳುವುದು ಇಷ್ಟೇ ಎಂಬುದು ಆ ತೀರ್ಪಿನ ಸಾರ.

ದೊಡ್ಡವ್ವನ ಮನೆಯೂ ಅವರ ಮೈದುನನ ಮಕ್ಕಳಿಗೆ ಹೋಯಿತು. ಅವರು ಕೆಟ್ಟವರಲ್ಲ. ಅವರಿಗೆ ಆ ಮನೆಯ ಕಥೆ ಗೊತ್ತಿರಲಿಲ್ಲ, ಅಷ್ಟೇ. ಮಾರಿದರು. ಈಗ ಅಲ್ಲಿ ಗೊಬ್ಬರದ ಗೋದಾಮು ಇದೆ.

ನಾನು 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಕಾಗದಪತ್ರ ನನಗೆ ಹೊಸದಲ್ಲ. ದೊಡ್ಡವ್ವನ ಜೊತೆ ಒಂದು ದಿನ ಕೂತು ಬರೆಸಿದ್ದರೆ ಆಗುತ್ತಿತ್ತು. ಒಮ್ಮೆ ಮಾತು ತೆಗೆದೆ. ‘ಯಪ್ಪಾ, ನಾ ಇನ್ನ ಗಟ್ಟಿ ಅದೀನಿ, ಮೃತ್ಯುಪತ್ರದ ಮಾತು ಈಗ್ಯಾಕೋ’ ಎಂದು ಅವ್ವ ನಡುವೆ ಬಂದು ನಿಲ್ಲಿಸಿದರು. ದೊಡ್ಡವ್ವ ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾದರು. ನಾನೂ ಸುಮ್ಮನಾದೆ. ನಮ್ಮ ಕಡೆ ಉಯಿಲಿಗೆ ಮೃತ್ಯುಪತ್ರ ಅಂತಲೇ ಹೆಸರು. ಆ ಪದವನ್ನು ಮನೆಯೊಳಗೆ ಆಡಿದರೆ ಅಪಶಕುನ ಅಂದುಕೊಳ್ಳುವವರೇ ಜಾಸ್ತಿ. ಆ ದಿನ ಸುಮ್ಮನಾದದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ. ಅದಕ್ಕೇ ಈ ಪತ್ರ.

ಇದೇ ಸೀಮೆಯಲ್ಲಿ ಒಂದು ಮೃತ್ಯುಪತ್ರ ಏನು ಮಾಡಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸವದತ್ತಿ ತಾಲ್ಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು ಹುಟ್ಟಿದ್ದು 1861ರಲ್ಲಿ, ತೀರಿಕೊಂಡದ್ದು 1906ರಲ್ಲಿ. 45 ವರ್ಷದ ಬದುಕು. ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಸಮಾಜದ ಮಕ್ಕಳ ಓದಿಗೆ ಅಂತ ಬರೆದಿಟ್ಟು ಹೋದರು. ಆ ಆಸ್ತಿಯಿಂದ ಟ್ರಸ್ಟ್ ಆಯಿತು, ಟ್ರಸ್ಟಿನಿಂದ ವಿದ್ಯಾರ್ಥಿ ವೇತನ ಬಂತು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ತ್ಯಾಗವೀರ ಎಂದು ಜನ ಕರೆಯುವುದು ಸುಮ್ನೆ ಅಲ್ಲ. ನನ್ನ ಅಪ್ಪ ಆ ದುಡ್ಡಿನಲ್ಲಿ ಓದಿದವರು. ಲಿಂಗರಾಜರು ತೀರಿಕೊಂಡಾಗ ನನ್ನ ಅಜ್ಜನಿಗೇ ಇನ್ನೂ ಮೀಸೆ ಮೂಡಿರಲಿಲ್ಲ. ಅವರು ಬರೆದಿಟ್ಟ ಕಾಗದ ಅರ್ಧ ಶತಮಾನ ದಾಟಿ ಬಂದು ನನ್ನ ಅಪ್ಪನ ಕಾಲೇಜಿನ ಫೀಸು ಕಟ್ಟಿತು. ಅಪ್ಪ ಓದಿದ್ದಕ್ಕೆ ನಾನು ಬ್ಯಾಂಕಿಗೆ ಹೋದೆ. ಊಟಕ್ಕೆ ಕೂತಾಗ ಅಪ್ಪ ಎಷ್ಟೋ ಸಲ ಅವರ ಹೆಸರು ಹೇಳಿ ಕೈಮುಗಿಯುತ್ತಿದ್ದರು.

ದೇಸಾಯಿಯವರದು ದೊಡ್ಡ ಸಂಸ್ಥಾನ, ನಮ್ಮ ಹತ್ತಿರ ಏನಿದೆ ಅಂತ ಅನಿಸಬಹುದು. ದೊಡ್ಡವ್ವನ ಹತ್ತಿರ ಇದ್ದದ್ದು ಎರಡು ಕೋಣೆ ಮತ್ತು ಒಂದು ಪಡಸಾಲೆ. ಆ ಪಡಸಾಲೆಯಲ್ಲಿ ಓದಿದ ಇಬ್ಬರು ಹುಡುಗಿಯರು ಇವತ್ತು ನರ್ಸ್ ಆಗಿದ್ದಾರೆ.

ಕೊಡುವುದಾದರೆ ಬದುಕಿದ್ದಾಗಲೇ ಕೊಡಬಾರದೇ ಎಂದು ಕೆಲವರು ಕೇಳುತ್ತಾರೆ. ಹಾಗೆ ಕೊಟ್ಟವರಿದ್ದಾರೆ. ಮಂಗಳೂರಿನ ಹತ್ತಿರ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು ತಮ್ಮ ದುಡಿಮೆಯಿಂದಲೇ ಊರಿಗೆ ಶಾಲೆ ತಂದರು. ಅವರಿಗೆ ನನ್ನ ನಮಸ್ಕಾರ. ಆದರೆ ಇರುವುದು ಒಂದೇ ಮನೆಯಾದಾಗ ಅದನ್ನು ಇವತ್ತೇ ಕೊಟ್ಟರೆ ನಾಳೆ ಮಲಗುವುದೆಲ್ಲಿ? ಕಾಯಿಲೆಗೆ ಅಂತ ಇಟ್ಟುಕೊಂಡ ಠೇವಣಿಯನ್ನು ಈಗಲೇ ಕೊಟ್ಟರೆ ಆಸ್ಪತ್ರೆಗೆ ದುಡ್ಡೆಲ್ಲಿಂದ? ಕೊನೆಯ ಉಸಿರಿನವರೆಗೂ ಸೂರು ಬೇಕು, ಆಮೇಲೆ ಅದು ಒಳ್ಳೆಯ ಕೆಲಸಕ್ಕೆ ಹೋಗಲಿ ಅನ್ನುವವರಿಗೆ ಉಯಿಲು ಬಿಟ್ಟರೆ ಸರಿಯಾದ ದಾರಿ ನನಗೆ ಕಾಣುವುದಿಲ್ಲ. ಉಯಿಲಿನಲ್ಲಿ ಬರೆದದ್ದು ಬದುಕಿರುವಷ್ಟು ದಿನ ನಮ್ಮದೇ. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ತಿದ್ದಿ ಬರೆಯಬಹುದು. ಕೊನೆಯದಾಗಿ ಬರೆದದ್ದೇ ನಿಲ್ಲುತ್ತದೆ.

ಈಗ ಅಧಿಕಾರಿಗಳೇ, ನಿಮ್ಮ ಮುಂದೆ ನನ್ನ ಅಹವಾಲು.

ದೊಡ್ಡವ್ವ ತೀರಿಕೊಂಡ ಮೇಲೆ ನಾನು ಕಾನೂನು ಓದಿದೆ. ವಕೀಲನಾಗಲು ಅಲ್ಲ, ಎಲ್ಲಿ ತಪ್ಪಿತು ಅಂತ ತಿಳಿಯಲು. ಓದುತ್ತಾ ಹೋದಂತೆ ಬೇಜಾರು ಜಾಸ್ತಿಯಾಯಿತು. ಯಾಕೆಂದರೆ ಅವರಿಗೆ ಬೇಕಿದ್ದದ್ದೆಲ್ಲ ಕಾನೂನಿನಲ್ಲಿ ಮೊದಲೇ ಇತ್ತು. ಉಯಿಲಿಗೆ ಸ್ಟ್ಯಾಂಪ್ ಡ್ಯೂಟಿಯೇ ಇಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು ಅಷ್ಟೇ. ಆಸ್ತಿ ಪಡೆಯುವವರು ಕಚೇರಿಗೆ ಬರಬೇಕಾಗಿಯೇ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಇಷ್ಟು: ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ನೋಡಿದ ಇಬ್ಬರು ಸಾಕ್ಷಿಗಳು, ಆ ಸಾಕ್ಷಿಗಳು ಬರೆದವರ ಎದುರಿನಲ್ಲೇ ಹಾಕಿದ ಸಹಿ. ಮೊಣಕಾಲು ನೋವಿನಿಂದ ಕಚೇರಿಗೆ ಬರಲಾಗದಿದ್ದರೆ? 1908ರ ನೋಂದಣಿ ಕಾಯ್ದೆಯ 31ನೇ ಕಲಂ ಪ್ರಕಾರ, ತಕ್ಕ ಕಾರಣವಿದ್ದರೆ ನಿಮ್ಮ ಅಧಿಕಾರಿಯೇ ಮನೆಗೆ ಬಂದು ಉಯಿಲು ಪಡೆಯಬಹುದು. ದೊಡ್ಡವ್ವನಿಗೆ ಇದನ್ನು ಯಾರೂ ಹೇಳಲಿಲ್ಲ. ಪಕ್ಕದ ಮನೆಯ ಇಬ್ಬರು ಪಡಸಾಲೆಗೆ ಬಂದು ಸಹಿ ಹಾಕಿದ್ದರೆ ಮುಗಿದುಹೋಗುತ್ತಿತ್ತು.

ಇನ್ನೊಂದು ವ್ಯವಸ್ಥೆಯೂ ಇದೆ, ಅದು ಗೊತ್ತಿರುವವರು ಬಹಳ ಕಡಿಮೆ. ಉಯಿಲನ್ನು ಲಕೋಟೆಯಲ್ಲಿಟ್ಟು, ಸೀಲ್ ಮಾಡಿ, ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ನೋಂದಣಿ ಕಾಯ್ದೆಯ 42ರಿಂದ 46ನೇ ಕಲಂವರೆಗೆ ಅದರದೇ ವಿವರ. ಲಕೋಟೆ ಕಚೇರಿಯ ಬೆಂಕಿ ತಾಗದ ಪೆಟ್ಟಿಗೆಯಲ್ಲಿರುತ್ತದೆ. ಬರೆದವರು ಬದುಕಿರುವವರೆಗೆ ಒಳಗೇನಿದೆ ಅಂತ ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಕಾನೂನಿನ ಎಚ್ಚರ ಎಷ್ಟರಮಟ್ಟಿಗೆ ಅಂದರೆ, ಎರಡು ವರ್ಷ ಯಾರೂ ಕೇಳದ ಬೇರೆ ದಸ್ತಾವೇಜುಗಳನ್ನು ನಾಶ ಮಾಡಬಹುದು ಎನ್ನುವ 85ನೇ ಕಲಂ ಉಯಿಲನ್ನು ಮಾತ್ರ ಹೊರಗಿಟ್ಟಿದೆ. ನಿಮ್ಮ ಇಲಾಖೆ ಉಯಿಲನ್ನು ಹಾಗೆ ಕಾಯುತ್ತದೆ.

ಆದರೆ ತೆರೆಯುವುದು ಯಾವಾಗ? 45ನೇ ಕಲಂ ಓದಿ. ಬರೆದವರು ತೀರಿಕೊಂಡ ಮೇಲೆ ಯಾರಾದರೂ ಬಂದು ಅರ್ಜಿ ಕೊಟ್ಟರೆ, ಆಗ. ಯಾರೂ ಬರದಿದ್ದರೆ ಲಕೋಟೆ ಹಾಗೇ ಇರುತ್ತದೆ. ನೋಂದಣಿಯಾದ ಉಯಿಲಿನ ಕಥೆಯೂ ಇಷ್ಟೇ. ಅದು ನಿಮ್ಮ 3ನೇ ಪುಸ್ತಕದಲ್ಲಿ ದಾಖಲಾಗುತ್ತದೆ. ಬರೆದವರು ಹೋದ ಮೇಲೆ ಯಾರು ಬೇಕಾದರೂ ಅರ್ಜಿ ಹಾಕಿ ಪ್ರತಿ ಪಡೆಯಬಹುದು ಎಂದು 57ನೇ ಕಲಂ ಹೇಳುತ್ತದೆ. ಯಾರು ಬೇಕಾದರೂ, ಸರಿ. ಆದರೆ ಅಲ್ಲೊಂದು ಉಯಿಲಿದೆ ಅಂತ ಗೊತ್ತಿದ್ದರೆ ತಾನೇ ಕೇಳುವುದು?

ಮಕ್ಕಳಿಗೆ ಬರೆದ ಉಯಿಲಾದರೆ ಮಕ್ಕಳು ಹುಡುಕಿಕೊಂಡು ಬರುತ್ತಾರೆ. ಶಾಲೆಗೆ, ಅನಾಥಾಲಯಕ್ಕೆ, ಗ್ರಂಥಾಲಯಕ್ಕೆ ಬರೆದದ್ದಾದರೆ? ಆ ಶಾಲೆಗೆ ಗೊತ್ತೇ ಇರುವುದಿಲ್ಲ. ಗೊತ್ತಿರುವ ಮನೆಯವರಿಗೆ ಹೇಳುವ ಆತುರ ಇರುವುದಿಲ್ಲ. ಮೋಸ ಅಂತ ನಾನು ಎಲ್ಲರನ್ನೂ ದೂರುವುದಿಲ್ಲ. ದುಃಖದ ಮನೆ, ಹದಿಮೂರು ದಿನದ ಓಡಾಟ, ಆಮೇಲೆ ಪಾಲಿನ ಮಾತು. ನಡುವೆ ಒಂದು ಲಕೋಟೆ ಮರೆತುಹೋಗುವುದು ಬಹಳ ಸುಲಭ. ಧರ್ಮಕ್ಕೆ ಬರೆದ ಉಯಿಲಿಗೆ ಕೇಳುವವರು ಇಲ್ಲದಿರುವುದೇ ದೊಡ್ಡ ತೊಂದರೆ.

ಹಿಂದೆ ಹೀಗಿರಲಿಲ್ಲ. ನಮ್ಮೂರ ಗುಡಿಯ ಮುಂದೆ ಒಂದು ಶಾಸನದ ಕಲ್ಲಿದೆ. ಇಂಥ ಕಲ್ಲು ಕರ್ನಾಟಕದ ಊರೂರಿನಲ್ಲೂ ಸಿಗುತ್ತದೆ. ಮೇಲೆ ಸೂರ್ಯ, ಚಂದ್ರ, ಹಾಲೂಡುವ ಹಸು. ಕೆಳಗೆ ಯಾರು ಯಾರಿಗೆ ಯಾವ ಹೊಲ ಬಿಟ್ಟರು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು ಅಂತ ವಿವರ. ಕೊನೆಗೆ, ಇದನ್ನು ಕೆಡಿಸಿದವರು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವರು ಎಂಬ ಎಚ್ಚರಿಕೆ. ನೀರಿಗೆ ಹೋಗುವವರು, ದನ ಕಾಯುವವರು, ಜಾತ್ರೆಗೆ ಬಂದವರು, ಎಲ್ಲರೂ ಆ ಕಲ್ಲಿನ ಮುಂದೆಯೇ ಹಾಯಬೇಕು. ದತ್ತಿ ಬಿಟ್ಟದ್ದು ಇಡೀ ಊರಿಗೆ ಗೊತ್ತು. ಹಾಗಾಗಿ ಇಡೀ ಊರೇ ಅದರ ಕಾವಲು. ಎಷ್ಟೋ ಶಾಸನಗಳಲ್ಲಿ ಬರುವ ಒಂದು ಶ್ಲೋಕದ ಅರ್ಥ ಹೀಗಿದೆ: ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು. ಆ ಕಾಪಾಡುವ ಕೆಲಸ ಇವತ್ತು ನಿಮ್ಮ ಇಲಾಖೆಯದು ಅಂತ ನಾನು ನಂಬಿದ್ದೇನೆ.

ಆದ್ದರಿಂದ ಕೇಳುತ್ತಿದ್ದೇನೆ. ಯಾರಾದರೂ ಉಯಿಲು ನೋಂದಾಯಿಸಲು ಅಥವಾ ಲಕೋಟೆ ಇಡಲು ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ. ‘ನಿಮ್ಮ ನಂತರ ಈ ಉಯಿಲು ಇಲ್ಲಿದೆ ಅಂತ ಯಾರಿಗೆ ತಿಳಿಸಬೇಕು?’ ಇಷ್ಟವಿದ್ದವರು ಎರಡು ವಿಳಾಸ ಕೊಡಲಿ. ಒಂದು ಮನೆಯವರದು, ಒಂದು ಸಂಸ್ಥೆಯದು. ಇಷ್ಟವಿಲ್ಲದವರು ಖಾಲಿ ಬಿಡಲಿ. ನಿಮ್ಮ ಹತ್ತಿರ ಕಾವೇರಿ ತಂತ್ರಾಂಶ ಇದೆ. ಜನನ ಮರಣ ನೋಂದಣಿಗೆ ಇ-ಜನ್ಮ ಇದೆ. ಎರಡೂ ನಮ್ಮ ಸರ್ಕಾರದ್ದೇ. ಅಲ್ಲಿ ಮರಣ ದಾಖಲಾದಾಗ ಇಲ್ಲಿಂದ ಆ ಎರಡು ವಿಳಾಸಕ್ಕೆ ಒಂದು ಪತ್ರ ಹೋಗಲಿ. ಉಯಿಲಿನ ಒಳಗೇನಿದೆ ಅಂತ ಬರೆಯುವುದು ಬೇಡ. ‘ಇಂಥವರ ಉಯಿಲು ಇಂಥ ಕಚೇರಿಯಲ್ಲಿದೆ, ಅರ್ಜಿ ಕೊಟ್ಟರೆ ಪ್ರತಿ ಸಿಗುತ್ತದೆ’ ಅಂದರೆ ಸಾಕು.

ಇದು ಆಗದ ಮಾತಲ್ಲ ಅಂತ ನಾನು ಬ್ಯಾಂಕಿನವನಾಗಿ ಹೇಳಬಲ್ಲೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಒಂದು ಕಾಲದಲ್ಲಿ ಅಂಥ ಹಣ ಹುಡುಕಲು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯಬೇಕಿತ್ತು. 2023ರಲ್ಲಿ ರಿಸರ್ವ್ ಬ್ಯಾಂಕ್ ಉದ್ಗಮ್ ಅನ್ನುವ ಪೋರ್ಟಲ್ ತಂದಿತು. ಈಗ ಹಲವು ಬ್ಯಾಂಕುಗಳ ಲೆಕ್ಕವನ್ನು ಒಂದೇ ಕಡೆ ಹುಡುಕಬಹುದು. ಕೇಳುವವರಿಲ್ಲದ ದುಡ್ಡಿಗೆ ಇಷ್ಟು ಮಾಡಿದ ದೇಶದಲ್ಲಿ ಕೇಳುವವರಿಲ್ಲದ ಉಯಿಲಿಗೂ ಏನಾದರೂ ಮಾಡಬಹುದು, ಅಲ್ವಾ? ಇಂಗ್ಲೆಂಡಿನಲ್ಲಿ ಪ್ರೊಬೇಟ್ ಆದ, ಅಂದರೆ ಕೋರ್ಟು ಪರಿಶೀಲಿಸಿ ಒಪ್ಪಿದ, ಯಾವ ಉಯಿಲಿನ ಪ್ರತಿಯನ್ನಾದರೂ ಯಾರು ಬೇಕಾದರೂ ಶುಲ್ಕ ಕಟ್ಟಿ ತರಿಸಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ ಪ್ರೊಬೇಟ್ ಕಡ್ಡಾಯವಲ್ಲ. ಜನರಿಗೆ ಅದು ಅನುಕೂಲವೇ. ಆದರೆ ಅದರಿಂದಾಗಿ ಎಷ್ಟೋ ಉಯಿಲುಗಳು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದೂ ನಿಜ.

ಎರಡನೆಯ ಕೋರಿಕೆ ಸಣ್ಣದು. ಪ್ರತಿ ಉಪನೋಂದಣಾಧಿಕಾರಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಒಂದು ಫಲಕ ಹಾಕಿಸಿ. ಉಯಿಲಿಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಇಬ್ಬರು ಸಾಕ್ಷಿ ಬೇಕು, ಬರಲಾಗದವರ ಮನೆಗೆ ನಾವೇ ಬರುತ್ತೇವೆ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ. ಅದರ ಕೆಳಗೆ ಉಯಿಲಿನ ಒಂದು ಮಾದರಿ ಇರಲಿ. ಶಿಕ್ಷಣ ಇಲಾಖೆ, ಆರೋಗ್ಯ ಇಲಾಖೆಯವರೂ ಇದನ್ನು ಓದುತ್ತಿದ್ದರೆ, ಸರ್ಕಾರಿ ಶಾಲೆಗೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಏನಾದರೂ ಬರೆದಿಡಬೇಕು ಅನ್ನುವವರು ಯಾರ ಹೆಸರಿಗೆ ಬರೆಯಬೇಕು ಅಂತ ಒಂದು ಸಾಲಿನ ಉತ್ತರ ಕೊಡಿ. ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೋ, ಇಲಾಖೆಯ ಅಧಿಕಾರಿಯ ಹುದ್ದೆಗೋ, ಆರೋಗ್ಯ ರಕ್ಷಾ ಸಮಿತಿಗೋ. ದೊಡ್ಡವ್ವ ಕೇಳಿದ್ದು ಇದೊಂದೇ ಪ್ರಶ್ನೆ. ಉತ್ತರ ಹೇಳಲು ಯಾರೂ ಇರಲಿಲ್ಲ.

ಇನ್ನು ನನ್ನ ಓರಗೆಯವರಿಗೆ ಒಂದಿಷ್ಟು ಮಾತು. ಇಲಾಖೆ ಏನು ಮಾಡುತ್ತದೋ ಬಿಡುತ್ತದೋ, ನಮ್ಮ ಪಾಲಿನ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮೊದಲು ಮನೆಯವರು. ಹೆಂಡತಿಗೆ, ಗಂಡನಿಗೆ, ನಮ್ಮನ್ನೇ ನಂಬಿದ ಮಗುವಿಗೆ ಕೊರತೆ ಮಾಡಿ ಧರ್ಮಕ್ಕೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಬೇಕಾದಷ್ಟು ಇಟ್ಟು ಉಳಿದದ್ದರಲ್ಲಿ ಒಂದು ಪಾಲು ಸಾಕು. ಪಿತ್ರಾರ್ಜಿತದಲ್ಲಿ ನಮ್ಮ ಪಾಲನ್ನಷ್ಟೇ ಬರೆಯಲು ಬರುತ್ತದೆ, ಸ್ವಂತ ಗಳಿಕೆಯನ್ನು ಪೂರ್ತಿ ಬರೆಯಬಹುದು. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ಉಯಿಲಿನಲ್ಲಿ ಬರೆಯಬಹುದಾದದ್ದು, ಸಾಲ ಮತ್ತು ಅಂತ್ಯಸಂಸ್ಕಾರದ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗ. ಕ್ರೈಸ್ತರಿಗೆ ಹಿಂದೆ 1925ರ ಉತ್ತರಾಧಿಕಾರ ಕಾಯ್ದೆಯ 118ನೇ ಕಲಂ ಅಡ್ಡಿಯಾಗಿತ್ತು. ಹತ್ತಿರದ ಸಂಬಂಧಿಗಳಿದ್ದರೆ, ಸಾಯುವ ಹನ್ನೆರಡು ತಿಂಗಳ ಮೊದಲೇ ಬರೆದು ಠೇವಣಿ ಇಡದ ಹೊರತು ಧರ್ಮಕಾರ್ಯಕ್ಕೆ ಬರೆದ ಉಯಿಲು ನಿಲ್ಲುತ್ತಿರಲಿಲ್ಲ. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅದು ಸಮಾನತೆಗೆ ವಿರುದ್ಧ ಅಂತ 2003ರಲ್ಲಿ ಕೋರ್ಟು ಆ ಕಲಮನ್ನು ರದ್ದು ಮಾಡಿತು. ಹಳೆಯ ನಿಯಮವನ್ನೇ ನಂಬಿ ಈಗಲೂ ಹಿಂಜರಿಯುವವರಿದ್ದರೆ ಅವರಿಗೆ ಇದನ್ನು ತಿಳಿಸಿ.

‘ಹೆಂಡತಿ ಇರುವವರೆಗೆ ಮನೆ ಅವಳಿಗೆ, ಆಮೇಲೆ ಆಶ್ರಮಕ್ಕೆ’ ಎಂದು ಬರೆಯುವ ಆಸೆ ಅನೇಕರಿಗಿದೆ. ಒಳ್ಳೆಯ ಆಸೆ. ಆದರೆ ಈ ಒಂದು ಸಾಲನ್ನು ವಕೀಲರಿಂದಲೇ ಬರೆಸಿ. ಹೆಂಡತಿಗೆ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟದ್ದು ಅವಳ ಪೂರ್ತಿ ಆಸ್ತಿಯಾಗುತ್ತದೆ ಎಂದು 1977ರಲ್ಲೇ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪದ ತಪ್ಪಿದರೆ ಉದ್ದೇಶವೂ ತಪ್ಪುತ್ತದೆ.

ನಾಮಿನಿ ಇದ್ದಾರಲ್ಲ, ಉಯಿಲು ಯಾಕೆ ಅಂತ ಬ್ಯಾಂಕಿನ ಕೌಂಟರಿನಲ್ಲಿ ದಿನಕ್ಕೊಬ್ಬರಾದರೂ ನನ್ನನ್ನು ಕೇಳುತ್ತಿದ್ದರು. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವರು, ಹಣದ ಒಡೆಯರಲ್ಲ. ಒಡೆಯರು ಯಾರು ಅಂತ ಹೇಳುವುದು ಉಯಿಲು, ಉಯಿಲು ಇಲ್ಲದಿದ್ದರೆ ವಾರಸಾ ಕಾನೂನು. ಠೇವಣಿಗೆ ಶಾಲೆಯನ್ನೋ ಮಠವನ್ನೋ ನಾಮಿನಿ ಮಾಡಲೂ ಬರುವುದಿಲ್ಲ, ವ್ಯಕ್ತಿಯೇ ಆಗಬೇಕು. ಎಫ್‌ಡಿಯಲ್ಲಿ ಒಂದಿಷ್ಟು ಗ್ರಂಥಾಲಯಕ್ಕೆ ಹೋಗಲಿ ಅಂತ ಇದ್ದರೆ ಉಯಿಲಿನಲ್ಲೇ ಬರೆಯಬೇಕು.

ಮೊತ್ತ ಬರೆಯಬೇಡಿ, ಪಾಲು ಬರೆಯಿರಿ. ನಾನು ಓದಿದ ಶಾಲೆಯಲ್ಲಿ ಗಣಿತಕ್ಕೆ ಮೊದಲು ಬಂದವರಿಗೆ ದತ್ತಿ ಬಹುಮಾನ ಇತ್ತು, 25 ರೂಪಾಯಿ. ಆಗ ಅದರಲ್ಲಿ ವರ್ಷದ ಪಠ್ಯಪುಸ್ತಕ ಬರುತ್ತಿತ್ತು. ಈಗಲೂ 25 ರೂಪಾಯಿಯೇ. ಕೊಟ್ಟ ಪುಣ್ಯಾತ್ಮರ ಮನಸ್ಸು ಅಷ್ಟೇ ದೊಡ್ಡದಿದೆ, ದುಡ್ಡು ಮಾತ್ರ ಸಣ್ಣದಾಗಿದೆ. ‘ಎಲ್ಲ ಕಳೆದು ಉಳಿದದ್ದರಲ್ಲಿ ಹತ್ತನೇ ಒಂದು ಪಾಲು’ ಅಂತ ಬರೆದರೆ ಕಾಲದ ಜೊತೆ ಅದೂ ಬೆಳೆಯುತ್ತದೆ. ಸಂಸ್ಥೆಯ ಪೂರ್ತಿ ಹೆಸರು, ಊರು, ನೋಂದಣಿ ಸಂಖ್ಯೆ ಹಾಕಿ. ‘ಊರಿನ ಅನಾಥಾಲಯಕ್ಕೆ’ ಅಂದರೆ ಯಾವ ಅನಾಥಾಲಯ ಅಂತ ಜಗಳವಾಗುತ್ತದೆ. ಆ ಸಂಸ್ಥೆ ಮುಚ್ಚಿಹೋದರೆ ಯಾರಿಗೆ ಅಂತಲೂ ಒಂದು ಸಾಲು ಇರಲಿ. ಉಯಿಲು ಜಾರಿ ಮಾಡಲು ಎಕ್ಸಿಕ್ಯೂಟರ್ ಒಬ್ಬರನ್ನು ಹೆಸರಿಸಿ. ಅವರೂ ಸಾಕ್ಷಿಗಳೂ ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ.

ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೂ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವವರೆಗೆ ನೀವು ಊರಿನ ಸಂಸ್ಥೆಗೆ ಕೊಡುವುದು ಸ್ವದೇಶಿ ಹಣವೇ. ಆ ದೇಶದ ಪೌರತ್ವ ಪಡೆದ ಮೇಲೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ ಅನಿಸಿಕೊಳ್ಳುತ್ತದೆ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ಅನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವ ಹಾಗಿಲ್ಲ. ಬರೆಯುವ ಮೊದಲು ಆ ಸಂಸ್ಥೆಯನ್ನು ಕೇಳಿ.

ಕಣ್ಣು, ದೇಹ ಕೊಡುವ ಮನಸ್ಸಿದ್ದರೆ ಅದನ್ನು ಉಯಿಲಿನಲ್ಲಿ ಮಾತ್ರ ಬರೆದು ಬಿಡಬೇಡಿ. ಉಯಿಲು ಓದುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು. ಡಾ. ರಾಜ್‌ಕುಮಾರ್ ಅವರ ಕಣ್ಣುಗಳು, ಆಮೇಲೆ ಪುನೀತ್ ಅವರ ಕಣ್ಣುಗಳು ಬೇರೆಯವರಿಗೆ ಬೆಳಕಾದದ್ದು ಮನೆಯವರು ತಕ್ಷಣ ಮುಂದೆ ಬಂದದ್ದರಿಂದ. ಮನೆಯಲ್ಲಿ ಎಲ್ಲರಿಗೂ ಬಾಯಿಬಿಟ್ಟು ಹೇಳಿ.

ನಾನು ಇಷ್ಟೆಲ್ಲ ಬರೆಯುತ್ತಿರುವುದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ, ಹೇಳುವುದು. ಆಲ್ಫ್ರೆಡ್ ನೊಬೆಲ್ 1895ರಲ್ಲಿ ಉಯಿಲು ಬರೆದರು. ಬಹುಮಾನ ಆರಿಸಬೇಕಾದ ಸಂಸ್ಥೆಗಳಿಗೇ ಅದನ್ನು ಹೇಳಿರಲಿಲ್ಲ, ಹಣ ನೋಡಿಕೊಳ್ಳಲು ಒಂದು ಸಂಸ್ಥೆಯನ್ನೂ ಕಟ್ಟಿರಲಿಲ್ಲ. ಮರುವರ್ಷ ತೀರಿಕೊಂಡರು. ಸಂಬಂಧಿಕರ ತಕರಾರು, ಸಂಸ್ಥೆಗಳ ಹಿಂಜರಿಕೆ ಎಲ್ಲ ಮುಗಿದು ಮೊದಲ ಬಹುಮಾನ ಕೊಡುವಾಗ 1901. ಎಕ್ಸಿಕ್ಯೂಟರ್ ಆಗಿದ್ದ ಯುವಕ ರಾಗ್ನರ್ ಸೋಲ್ಮನ್ ಪಟ್ಟು ಹಿಡಿಯದಿದ್ದರೆ ಆ ಆಸೆ ನಡುದಾರಿಯಲ್ಲೇ ನಿಲ್ಲುತ್ತಿತ್ತೇನೋ. ಇನ್ನೊಂದು ಕಡೆ ಜೆಮ್‌ಷೆಡ್‌ಜಿ ಟಾಟಾ. ವಿಜ್ಞಾನದ ಸಂಸ್ಥೆಗೆ ನನ್ನ ಆಸ್ತಿಯಲ್ಲಿ ಇಷ್ಟು ಅಂತ ಬದುಕಿದ್ದಾಗಲೇ ಎಲ್ಲರೆದುರು ಹೇಳಿದ್ದರು. 1904ರಲ್ಲಿ ಅವರು ತೀರಿಕೊಂಡಾಗ ಸಂಸ್ಥೆ ಇನ್ನೂ ಹುಟ್ಟಿರಲಿಲ್ಲ. ಆದರೆ ಮಕ್ಕಳಿಗೆ ಅಪ್ಪನ ಮಾತು ಗೊತ್ತಿತ್ತು, ನಾಡಿಗೂ ಗೊತ್ತಿತ್ತು. ದೊರಾಬ್ ಮತ್ತು ರತನ್ ಆ ಮಾತು ಉಳಿಸಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನ ಹಳಬರು ಅದನ್ನು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ.

ಹೋದ ತಿಂಗಳು ನಾನೂ ನನ್ನ ಉಯಿಲು ಬರೆದೆ. ಬರೆಯುವ ಮೊದಲು ಮಗ ಮತ್ತು ಮಗಳನ್ನು ಕೂರಿಸಿಕೊಂಡು ಮಾತಾಡಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅಪ್ಪಾ, ದೊಡ್ಡಜ್ಜಿ ಮನೆ ಹತ್ತಿರದ ಆ ಶಾಲೆಗೇನಾ?’ ಎಂದು ಕೇಳಿದಳು. ಹೂಂ ಎಂದೆ. ಮನೆ ಅವಳ ತಾಯಿಗೆ, ಆಮೇಲೆ ಮಕ್ಕಳಿಗೆ. ಠೇವಣಿಯಲ್ಲಿ ಐದನೇ ಒಂದು ಪಾಲು ಆ ಶಾಲೆಯ ಹುಡುಗಿಯರಿಗೆ, ಮಳೆಗಾಲದಲ್ಲಿ ನಿಲ್ಲಲು ಒಂದು ಕೋಣೆಗೆ. ಇಬ್ಬರು ಸಾಕ್ಷಿಗಳು ಸಹಿ ಹಾಕಿದ್ದಾರೆ. ಶಾಲೆಗೆ ಹೋಗಿ ಹೇಳಿಯೂ ಬಂದಿದ್ದೇನೆ. ಯಾರ ಹೆಸರಿಗೆ ಬರೆಯಬೇಕು ಎಂಬ ಪ್ರಶ್ನೆಗೆ ಈ ಸಲವೂ ಅಲ್ಲಿ ಉತ್ತರ ಸಿಗಲಿಲ್ಲ. ಅದಕ್ಕೇ ಆ ಒಂದು ಜಾಗದಲ್ಲಿ ಸದ್ಯಕ್ಕೆ ವಕೀಲರ ಸಲಹೆಯಂತೆ ಬರೆದಿದ್ದೇನೆ. ನಿಮ್ಮಿಂದ ಉತ್ತರ ಬಂದ ಮೇಲೆ ತಿದ್ದಿ ಬರೆಸುತ್ತೇನೆ.

ನೋಂದಣಿಗೆ ಮುಂದಿನ ವಾರ ನಿಮ್ಮ ಕಚೇರಿಗೆ ಬರುತ್ತಿದ್ದೇನೆ. ದೊಡ್ಡವ್ವನ ಹಾಳೆಯನ್ನೂ ತರುತ್ತೇನೆ. ಅದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ ಅಂತ ನನಗೆ ಗೊತ್ತು. ಆದರೂ ನೀವು ಒಮ್ಮೆ ಅದನ್ನು ಓದಬೇಕು. ಏಳೇ ಸಾಲು.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಬ್ಯಾಂಕ್ ನೌಕರ,
ಬೆಳಗಾವಿ ಜಿಲ್ಲೆ